ಗುಂಡಿಯ ಹುಟ್ಟುಹಬ್ಬ

ನಮ್ಮ ದೊಡ್ಡಬಳ್ಳಾಪುರದ ಫ್ಲೆಕ್ಸುಗಳಲ್ಲಿ ಯಾರೂ ಸುಮ್ಮನೆ ನಿಂತಿರುವುದಿಲ್ಲ ಎಂಬುದನ್ನು ನೀವೂ ಗಮನಿಸಿರಬಹುದು. ಒಬ್ಬರು ಕೈ ಮುಗಿದಿರುತ್ತಾರೆ, ಇನ್ನೊಬ್ಬರು ಕಿವಿಗೆ ಮೊಬೈಲು ಹಚ್ಚಿ ಗಂಭೀರವಾಗಿ ಯಾರದೋ ಕಷ್ಟ ಕೇಳುತ್ತಿರುತ್ತಾರೆ, ಕೆಳಗಿನ ಸಾಲಿನಲ್ಲಿ ಅಂಚೆಚೀಟಿಯಷ್ಟಾದ ಶುಭಕೋರುವವರು ಒತ್ತೊತ್ತಾಗಿ ನಗುತ್ತಿರುತ್ತಾರೆ. ಮೂವತ್ತು ವರ್ಷ ಸಂಧಿ ಸಮಾಸ ಕಲಿಸಿ ನಿವೃತ್ತನಾದ ನನಗೆ ಈ ಪ್ರಕಾರದ ಸಾಹಿತ್ಯದಲ್ಲಿ ಪ್ರಾವೀಣ್ಯ ಬಂದದ್ದು ಬಸ್ಸಿಗೆ ಕಾಯುತ್ತಾ ನಿಂತು.

ಆ ಪ್ರಾವೀಣ್ಯ ವ್ಯರ್ಥವಾಗಲು ಬಿಡದವರು ನಜೀರ್ ಸಾಹೇಬರು. ಮುದ್ರಣಾಲಯ ಇಟ್ಟುಕೊಂಡು ನಾಲ್ಕು ಪುಟದ ವಾರಪತ್ರಿಕೆ ನಡೆಸುವ ಅವರು ಕೊನೆಯ ಪುಟದ ಮೂಲೆಯೊಂದನ್ನು ನನ್ನ ವಿಡಂಬನೆಗೆ ಬಿಟ್ಟುಕೊಟ್ಟಿದ್ದರು. ಅಲ್ಲಿ ನನ್ನ ಹೆಸರು ಇರುತ್ತಿರಲಿಲ್ಲ. ಅನಾಮಧೇಯತೆಯೇ ಹಾಸ್ಯದ ಸೊಗಸು ಎಂದು ನಾನೇ ಉಪದೇಶಿಸಿದ್ದೆ. ನಿಜಸ್ಥಿತಿಯೆಂದರೆ ನಾನು ಪುಕ್ಕಲ.

ರಾಜಘಟ್ಟದ ಕಡೆಗೆ ಹೋಗುವ ರಸ್ತೆಯ ಗುಂಡಿಯೊಂದಕ್ಕೆ ವರ್ಷ ತುಂಬಿದ ವಾರ, ಫ್ಲೆಕ್ಸಿನದೇ ಧಾಟಿಯಲ್ಲಿ ಅದಕ್ಕೆ ಹುಟ್ಟುಹಬ್ಬದ ಶುಭಾಶಯ ಬರೆದೆ: 'ಸರಳ ಸಜ್ಜನಿಕೆಯ, ಸದಾ ಜನರ ಮಧ್ಯೆ ಇರುವ, ದಿನೇ ದಿನೇ ಬೆಳೆಯುತ್ತಿರುವ...' ವಿಷಯ ಅಲ್ಲಿಗೇ ನಿಲ್ಲುತ್ತಿತ್ತೋ ಏನೋ. ಆದರೆ ನಮ್ಮೂರಿನ ಯುವಕರಿಗೆ ಹುಟ್ಟುಹಬ್ಬ ಎಂದರೆ ಸಾಕು. ಹಾರ ತಂದು, ಗುಂಡಿಯ ಪಕ್ಕದಲ್ಲೇ ಕೇಕು ಕತ್ತರಿಸಿ, ವೀಡಿಯೊ ಮಾಡಿ ಹರಿಯಬಿಟ್ಟರು. ಸ್ಥಳೀಯ ಮುಖಂಡರೊಬ್ಬರು ಆ ಬಿರುದುಗಳೆಲ್ಲ ತಮ್ಮ ಫ್ಲೆಕ್ಸಿನವೇ ಎಂದು ಗುರುತಿಸಿ, ಮಾನಹಾನಿಯಾಯಿತೆಂದು ದೂರು ಕೊಟ್ಟರು. ಅವರ ಗುರುತು ಸರಿಯಾಗಿಯೇ ಇತ್ತು.

ಠಾಣೆಯಿಂದ ಕರೆ ಬಂದದ್ದು ನನಗಲ್ಲ, ಪತ್ರಿಕೆಯ ಮೇಲೆ ಹೆಸರಿದ್ದ ಸಾಹೇಬರಿಗೆ. ಪರಿಚಯದ ವಕೀಲರು ಕಾನೂನನ್ನು ಬಿಡಿಸಿ ಹೇಳಿದರು. ವಾಕ್ ಸ್ವಾತಂತ್ರ್ಯವಿದೆ, ಅದಕ್ಕೆ ಮಿತಿಯೂ ಇದೆ. ಸಾರ್ವಜನಿಕ ಕೆಲಸದ ಬಗ್ಗೆ ಸದ್ಭಾವನೆಯಿಂದ ಆಡಿದ ಮಾತಿಗೆ ವಿನಾಯಿತಿಯಿದೆ. ಆದರೆ ವಿಡಂಬನೆಯನ್ನು ಹೆಸರು ಹಿಡಿದು ಕಾಯುವ ಕಲಂ ಇಲ್ಲ, ಸದ್ಭಾವನೆ ಇತ್ತೆಂದು ನ್ಯಾಯಾಲಯದಲ್ಲಿ ತೋರಿಸಬೇಕಾದವರು ನಾವೇ. ನನ್ನ ನಗೆಯಲ್ಲಿ ಸದ್ಭಾವನೆಯ ಪಾಲೆಷ್ಟು ಎಂದು ಒಳಗೊಳಗೇ ಅಳೆದುಕೊಂಡೆ, ಉತ್ತರ ಸಮಾಧಾನಕರವಾಗಿರಲಿಲ್ಲ. ವರ್ಷಗಟ್ಟಲೆ ಕೋರ್ಟಿಗೆ ಅಲೆದರೆ ಪತ್ರಿಕೆ ಉಳಿಯದು, ಕ್ಷಮಾಪಣೆ ಮುದ್ರಿಸಿದರೆ ದೂರು ಹಿಂದಕ್ಕೆ, ಎಂಬಲ್ಲಿಗೆ ಮಾತು ಬಂದು ನಿಂತಿತು.

ಕ್ಷಮಾಪಣೆ ಬರೆಯುವ ಹೊಣೆ ಸಹಜವಾಗಿ ನನ್ನದಾಯಿತು. ಮನಃಪೂರ್ವಕವಾಗಿಯೇ ಬರೆದೆ. ಓದುತ್ತಿದ್ದ ಸಾಹೇಬರ ಭುಜಗಳು ಕುಲುಕತೊಡಗಿದವು. ವಿಶೇಷಣಗಳನ್ನೆಲ್ಲ ಕಿತ್ತುಹಾಕಿ ಮತ್ತೆ ಬರೆದೆ; ವಕೀಲರೂ ನಕ್ಕರು. ಇಷ್ಟು ಕಾಲ ಅಣಕಿಸಿದ ಭಾಷೆ ನನ್ನ ಪ್ರಾಮಾಣಿಕತೆಯನ್ನೂ ನುಂಗಿಹಾಕಿತ್ತು. ಕೊನೆಗೆ ಸಾಹೇಬರೇ ಪೆನ್ನೆತ್ತಿಕೊಂಡು, 'ಯಾರ ಮನಸ್ಸಿಗಾದರೂ ನೋವಾಗಿದ್ದರೆ ಕ್ಷಮಿಸಿ. ಗುಂಡಿ ಇರುವುದು ನಿಜ' ಎಂದು ಎರಡೇ ಸಾಲು ಬರೆದು ಕೆಳಗೆ ತಮ್ಮ ಹೆಸರು ಹಾಕಿದರು.

"ಬರ್ದೋನು ನಾನು, ನೀವ್ಯಾಕೆ ಮಾಫಿ ಕೇಳ್ತೀರಿ?" ಎಂದೆ.

"ನಿಮ್ ಹೆಸ್ರು ಬೇಡ ಅಂದಿದ್ರಲ್ಲ ಮೇಷ್ಟ್ರೇ. ಪೇಪರ್ ಮೇಲೆ ಯಾರ್ದಾದ್ರೂ ಒಂದು ಹೆಸ್ರು ಇರ್ಲೇಬೇಕಲ್ವಾ," ಎಂದರು. ದನಿಯಲ್ಲಿ ಕೋಪವೇನೂ ಇರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ನನಗೆ ನಾಚಿಕೆಯಾಯಿತು. ನಾನು ಕಾನೂನಿನ ಕಲಂಗಳಲ್ಲಿ ಹುಡುಕುತ್ತಿದ್ದ ರಕ್ಷಣೆ ಇಷ್ಟು ವರ್ಷ ನನ್ನ ಎದುರಿಗೇ ಕೂತು ಪ್ರೂಫು ತಿದ್ದುತ್ತಿತ್ತು. ಅವರ ಕೈಯಿಂದ ಪೆನ್ನು ತೆಗೆದುಕೊಂಡು, ಅವರ ಹೆಸರಿನ ಪಕ್ಕದಲ್ಲಿ ನನ್ನ ಪೂರ್ತಿ ಹೆಸರು ಬರೆದೆ. ಸಾಹೇಬರು ಅದನ್ನು ನೋಡಿಯೂ ನೋಡದವರಂತೆ ಹಾಳೆಯನ್ನು ಮುದ್ರಣಕ್ಕೆ ಕಳಿಸಿದರು.