ಮದ್ರಾಸಿಗೆ ಹೋದ ಹಾರ್ಮೋನಿಯಂ

ರಾಯಚೂರಿನಿಂದ ಮದ್ರಾಸಿಗೆ ನೇರ ರೈಲಿದೆ. ಎಪ್ಪತ್ತರ ದಶಕದ ಕೊನೆಯಲ್ಲೂ ಇತ್ತು. ಆದರೆ ನನ್ನ ದೊಡ್ಡಪ್ಪನ ಮಗ ಕಾರಿನಲ್ಲೇ ಹೋಗುವುದೆಂದು ಹಟ ಹಿಡಿದ. ಸಿನಿಮಾದಲ್ಲಿ ನಾಯಕನಾಗಲು ಹೋಗುವವನು ಟ್ರಂಕು ಹೊತ್ತು ರೈಲಿನಿಂದ ಇಳಿದರೆ ಹಮಾಲನ ಪಾತ್ರ ಕೊಟ್ಟುಬಿಡುತ್ತಾರೆ ಎಂಬುದು ಅವನ ಅಂದಾಜು.

ನಮ್ಮೂರು ದೇವದುರ್ಗದ ಮಟ್ಟಿಗೆ ಅಣ್ಣ ದೊಡ್ಡ ನಟ. ಸುಗ್ಗಿ ಮುಗಿದ ಮೇಲೆ ಊರವರು ಆಡುವ ನಾಟಕದಲ್ಲಿ ನಾಯಕ ಯಾವಾಗಲೂ ಅವನೇ. ಪೆಂಡಾಲು, ಪರದೆ, ಮೈಕು ಎಲ್ಲವೂ ದೊಡ್ಡಪ್ಪನ ಅಕ್ಕಿ ಗಿರಣಿಯ ಖರ್ಚಿನಲ್ಲಿ ಬರುತ್ತಿದ್ದುದರಿಂದ ಆ ಪಾತ್ರಕ್ಕೆ ಬೇರೆಯವರ ಪ್ರತಿಭೆಯನ್ನು ಯಾರೂ ಹುಡುಕುತ್ತಿರಲಿಲ್ಲ. ಒಂದು ವರ್ಷ ಮದ್ರಾಸಿನ ಸಿನಿಮಾ ಕಂಪನಿಯವರೊಬ್ಬರು ಅತಿಥಿಯಾಗಿ ಬಂದು, ಹಾರ ಹಾಕಿಸಿಕೊಂಡು, ಹೊರಡುವಾಗ "ಆ ಕಡೆ ಬಂದರೆ ಬನ್ನಿ, ನೋಡೋಣ" ಅಂದರು. ಮದುವೆಯಲ್ಲಿ ಸಿಕ್ಕವರಿಗೆಲ್ಲ ನಾವು "ಮನಿಗೆ ಬರ್ರಿ" ಅನ್ನುತ್ತೇವಲ್ಲ, ಅಂಥ ಮಾತು. ಅಣ್ಣ ಅದನ್ನು ಕರಾರುಪತ್ರದಂತೆ ಹಿಡಿದುಕೊಂಡ.

ನಾನಾಗ ರಾಯಚೂರಿನಲ್ಲಿ ಕಾಲೇಜು ಓದುತ್ತಿದ್ದೆ, ರಜೆಗೆ ಊರಿಗೆ ಬಂದಿದ್ದೆ. ಎಲ್ಲವನ್ನೂ ತಾರೀಖು ಹಾಕಿ ಬರೆದಿಡುವ ಚಟ ನನ್ನದು. ಹೀಗೆ ಬರೆಯುವವನು ದಾರಿ ತಪ್ಪುವುದಿಲ್ಲ ಎಂದುಕೊಂಡ ದೊಡ್ಡಪ್ಪ ನನ್ನನ್ನೂ ಕಾರಿಗೆ ಹತ್ತಿಸಿದ. ಹತ್ತಿ ನೋಡಿದರೆ ಹಿಂದಿನ ಸೀಟಿನ ಅರ್ಧವನ್ನು ಒಂದು ಹಾರ್ಮೋನಿಯಂ ತುಂಬಿತ್ತು. ಅದರ ಪಕ್ಕ ಮಾಸ್ತರರು ಮುದುರಿ ಕೂತಿದ್ದರು.

ನಮ್ಮ ಕಡೆ ನಾಟಕ ಕಲಿಸುವವರೇ ಹಾರ್ಮೋನಿಯಂ, ನಮ್ಮ ಮಾತಿನಲ್ಲಿ ಪೇಟಿ, ಬಾರಿಸುತ್ತಾರೆ. ಮಾಸ್ತರರು ಸ್ವರ ಹಿಡಿಯಬೇಕು, ಆಮೇಲೆ ನಟ ಬಾಯಿ ತೆರೆಯಬೇಕು. ಮಾತು ಮರೆತರೆ ಅವರೇ ಬಾರಿಸುತ್ತ ಬಾರಿಸುತ್ತ ಮೆಲ್ಲಗೆ ಹೇಳಿಕೊಡುತ್ತಾರೆ. ಅಣ್ಣ ಹಾರ್ಮೋನಿಯಂ ಇಲ್ಲದೆ ಒಂದು ಮಾತನ್ನೂ ಆಡಿದವನಲ್ಲ.

"ಸಿನಿಮಾದವರ ಹಂತ್ಯಾಕ ಪೇಟಿ ಇರಂಗಿಲ್ಲೇನು?" ಅಂದೆ.

"ಇರ್ತಾವು. ನಮ್ಮ ಸ್ವರ ಅವಕ್ಕ ಗೊತ್ತಿರಬೇಕಲ್ಲೋ ತಮ್ಮಾ" ಅಂದ ಅಣ್ಣ, ಕನ್ನಡಿಯಲ್ಲಿ ಕ್ರಾಪು ತೀಡಿಕೊಳ್ಳುತ್ತ.

ಕಾರು ಮದ್ರಾಸಿನ ಕಡೆ ಹೋಗದೆ ಮಾನ್ವಿಯ ಕಡೆ ತಿರುಗಿತು. ಅಣ್ಣನಿಗೆ ಹೆಣ್ಣು ನೋಡಿದ್ದು ಅಲ್ಲಿ, ಅವರ ಒಪ್ಪಿಗೆ ಇನ್ನೂ ಬಂದಿರಲಿಲ್ಲ. ಆ ಮನೆಯ ಮುಂದೆ ಕಾರು ನಿಲ್ಲಿಸಿ, ಇಳಿಯದೆ, ಬರೀ ಹಾರ್ನ್ ಹೊಡೆಸಿ, ಹೊರಗೆ ಬಂದವರಿಗೆ ಕೈಬೀಸಿ, ಅಲ್ಲಿಂದ ರಾಯಚೂರಿಗೆ ಬಂದೆವು. ಸ್ಟೇಷನ್ನಿನ ಮುಂದೆ ಡ್ರೈವರ್ ಸಾಹೇಬರು ಗಾಡಿ ನಿಧಾನ ಮಾಡಿದರು.

"ಸಾವಕಾರ್ರ, ಮದ್ರಾಸಿನ ರೈಲು ಇಲ್ಲೇ ಸಿಗ್ತದ್ರೀ. ನಿಮ್ಮನ್ನ ಇಳಿಸಿ ನಾ ಗಾಡಿ ತೊಳಕೊಂಡು ಮನಿಗೆ ಹೋಗ್ತೀನಿ."

"ಸುಮ್ಮ ನಡಿರಿ ಸಾಹೇಬರ."

"ನನಗೇನ್ರೀ, ನಡೀತೀನಿ. ಎಂಜಿನ್ನಿಗೂ ಆ್ಯಕ್ಟಿಂಗ್ ಬರ್ತದ. ಘಾಟಿನಾಗ ಸತ್ತಂಗ ಮಾಡ್ತದ, ನೋಡ್ರಿ."

ಅದು ಘಾಟಿನವರೆಗೂ ಕಾಯಲಿಲ್ಲ. ಆದೋನಿ ದಾಟುವ ಮೊದಲೇ ನೀರು ಕುದಿಯಿತು. ಗುತ್ತಿಯ ಹತ್ತಿರ ಬೆಲ್ಟು ಹರಿಯಿತು. ಕಾರು ನಿಂತಲ್ಲೆಲ್ಲ ಅಣ್ಣ ಬೇವಿನ ನೆರಳಿಗೆ ಹೋಗಿ, ಮಾಸ್ತರರಿಂದ ಸ್ವರ ಹಿಡಿಸಿ, ಶತ್ರುವಿನ ಎದೆ ಸೀಳುವ ಮಾತುಗಳನ್ನು ಅಭ್ಯಾಸ ಮಾಡಿದ. ಕಡಪದ ದಾರಿಯಲ್ಲಿ ಎಮ್ಮೆ ಕಾಯುವವರು ಜಗಳವೆಂದು ತಿಳಿದು ಕೋಲು ಹಿಡಿದು ಓಡಿಬಂದರು. ಅದೂ ತನ್ನ ಅಭಿನಯಕ್ಕೆ ಸಿಕ್ಕ ಮೆಚ್ಚುಗೆ ಎಂದೇ ಅಣ್ಣ ಭಾವಿಸಿದ.

ಮದ್ರಾಸಿನಲ್ಲಿ ಆ ಕಂಪನಿಯ ಕಚೇರಿ ಒಂದು ಮಹಡಿ ಮೇಲಿನ ಕೋಣೆ. ಕಿಟಕಿಯಿಂದ ನೋಡಿದರೂ ಕಾರು ಕಾಣುತ್ತಿರಲಿಲ್ಲ. ಅಂದಿನ ಅತಿಥಿಗಳಿಗೆ ದೇವದುರ್ಗ ನೆನಪಾಗಲಿಲ್ಲ, ಹಾರ ನೆನಪಾಯಿತು. ದಾಕ್ಷಿಣ್ಯಕ್ಕೆ ಅಣ್ಣನನ್ನೂ ನನ್ನನ್ನೂ ಒಳಗೆ ಕರೆದರು. ಹಾರ್ಮೋನಿಯಂ ಮತ್ತು ಮಾಸ್ತರರು ಬಾಗಿಲ ಹೊರಗೆ ಉಳಿದರು.

"ಹೊರಗಿಂದ ಮನೆಗೆ ಬರ್ತೀರಿ. ತಾಯಿ ಕಾಣಿಸ್ತಿಲ್ಲ. 'ಅಮ್ಮ ಎಲ್ಲಿ?' ಅಂತ ಕೇಳಿ. ಅಷ್ಟೇ" ಅಂದರು ಅವರು.

ಅಣ್ಣ ಎದೆಯುಬ್ಬಿಸಿ ನಿಂತ. ನಿಂತೇ ಇದ್ದ. ಸ್ವರ ಬರಲಿಲ್ಲ, ಹಾಗಾಗಿ ಮಾತೂ ಬರಲಿಲ್ಲ. ಅಷ್ಟು ಹೊತ್ತಿನ ಮೌನವನ್ನು ಸಹಿಸಲಾರದೆ ಮಾಸ್ತರರು ಬಾಗಿಲಾಚೆಯಿಂದ ಹಾರ್ಮೋನಿಯಂ ಒತ್ತಿಯೇಬಿಟ್ಟರು. ಆ ಕ್ಷಣವೇ ಅಣ್ಣ, "ಎಲೈ ಮಾತೆಯೇ! ಎಲ್ಲಿರುವೆ!" ಎಂದು ಬಲಗೈ ಎತ್ತಿ ಗರ್ಜಿಸಿದ. ಪಕ್ಕದ ಕೋಣೆಯ ಟೈಪಿಸ್ಟು ಓಡಿಬಂದರು.

"ಮೆಲ್ಲಗೆ. ಮನೇಲಿ ಮಾತಾಡೋ ಹಾಗೆ."

"ಮೆಲ್ಲಗ ಅಂದ್ರ ಹಿಂದ ಕುಂತವ್ರಿಗೆ ಹೆಂಗ ಕೇಳಸ್ತದ್ರೀ?"

"ಹಿಂದೆ ಯಾರೂ ಕೂತಿಲ್ವಲ್ಲ."

ಅಣ್ಣ ನಿಜವಾಗಿಯೂ ಹಿಂತಿರುಗಿ ನೋಡಿದ. ಅಲ್ಲಿ ಒಂದು ಬೀರು ಇತ್ತು. "ಹೇಳಿ ಕಳಿಸ್ತೀವಿ" ಅಂದರು ಅವರು.

ಮರಳುವ ದಾರಿಯಲ್ಲಿ ಅವನು ಕನ್ನಡಿ ನೋಡಲಿಲ್ಲ. ಕಡಪ ದಾಟಿದ ಮೇಲೆ ಒಮ್ಮೆ, "ಮನಿಯಾಗ ಮಾತಾಡಿದಂಗ ಮಾತಾಡು ಅಂತಾರಲ್ರೀ ಮಾಸ್ತರ. ಹಂಗ ಮಾತಾಡಾಕ ಮದ್ರಾಸಿಗೆ ಯಾಕ ಬರಬೇಕು?" ಅಂದ. ಮಾಸ್ತರರು "ಹೌದ್ರೀ ಸಾವಕಾರ್ರ" ಅಂದರು. ಅವರ ಸಂಬಳವೂ ಗಿರಣಿಯದೇ. ಆಮೇಲೆ ಅವನ ತುಟಿಗಳು ಸದ್ದಿಲ್ಲದೆ ಅಲುಗುತ್ತಿದ್ದವು. ಬಯ್ಯುತ್ತಿದ್ದಾನೆಂದು ತಿಳಿದೆ.

ಯಾರೂ ಹೇಳಿ ಕಳಿಸಲಿಲ್ಲ. ಮರುವರ್ಷ ಮಾನ್ವಿಯ ನಾಟಕದ ಕರಪತ್ರದಲ್ಲಿ ಅವನ ಹೆಸರಿನ ಮುಂದೆ "ಮದ್ರಾಸ್ ಖ್ಯಾತಿಯ" ಎಂದು ಅಚ್ಚಾಗಿತ್ತು. ಬೀಗರಾಗಬೇಕಾದವರು ಮುಂದಿನ ಕುರ್ಚಿಗಳಲ್ಲಿ ಕೂತಿದ್ದರು, ಅವರ ಹಿಂದೆ ನಾನು. ಮೂರನೆಯ ಅಂಕದಲ್ಲಿ ಮಗ ಯುದ್ಧದಿಂದ ಮನೆಗೆ ಬರುತ್ತಾನೆ. ಮಾಸ್ತರರು ಸ್ವರ ಹಿಡಿದರು. ಅಣ್ಣ ಅವರ ಕಡೆ ಕೈಯೆತ್ತಿ ನಿಲ್ಲಿಸಿದ. ಖಾಲಿ ರಂಗವನ್ನು ಸುತ್ತ ನೋಡಿ, ಯಾರಿಗೂ ಅಲ್ಲವೆಂಬಂತೆ, "ಅವ್ವ ಎಲ್ಲಿ?" ಅಂದ.

ಅಂದು ಕಾರಿನಲ್ಲಿ ಅವನು ಬಯ್ಯುತ್ತಿರಲಿಲ್ಲ. ನನ್ನ ಕೈಯಲ್ಲಿದ್ದ ಶೇಂಗಾ ಕೈಯಲ್ಲೇ ಉಳಿಯಿತು.

"ಕೇಳವಲ್ದೋ!" ಎಂದು ಹಿಂದಿನಿಂದ ಯಾರೋ ಕೂಗಿದರು. "ಮದ್ರಾಸಿನಾಗ ಉಪವಾಸ ಕೆಡವಿದ್ರೇನು? ಜೋರಾಗಿ ಹೇಳಲೇ!" ಶಿಳ್ಳೆ ಬಿತ್ತು. ಬೀಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಣ್ಣ ಮಾಸ್ತರರ ಕಡೆ ತಲೆಯಾಡಿಸಿದ, ಹಾರ್ಮೋನಿಯಂ ಮೊಳಗಿತು, ಬಲಗೈ ಮೇಲೆದ್ದಿತು.

ಆ ಗರ್ಜನೆಗೆ ಬಿದ್ದ ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ಮರುದಿನ ಬೆಳಿಗ್ಗೆಯೇ ಹೆಣ್ಣಿನ ಕಡೆಯವರು ಒಪ್ಪಿಗೆ ಕೊಟ್ಟರು.