ಕುಲಾವಿಯ ಅರ್ಧಸಾಲು

ಮೊನ್ನೆ ತರೀಕೆರೆ ಬಸ್ಸಿನಲ್ಲಿ ಪಕ್ಕದವರು ನಶ್ಯದ ಡಬ್ಬಿ ತೆರೆದರು. ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಮುಚ್ಚಿಕೊಂಡರೇನು, ಆ ಘಾಟಿನ ಬೆನ್ನಿಗೇ ಅಜ್ಜಂಪುರದ ನಮ್ಮ ಎದುರುಮನೆ ದೊಡ್ಡಮ್ಮ ಬಂದು ಕೂತುಬಿಟ್ಟರು...

ಮಹಾರಾಜರ ಕಾಲ. ಚಿಕ್ಕವಯಸ್ಸಿಗೇ ಗಂಡನನ್ನು ಕಳೆದುಕೊಂಡ ದೊಡ್ಡಮ್ಮ, ಚಿಕ್ಕಮಗಳೂರು ಕಡೆಯ ಕಾಫಿ ತೋಟದಲ್ಲಿ ಬಿಳಿ ದೊರೆಗಳ ಮಕ್ಕಳನ್ನು ಆಡಿಸಿಕೊಂಡಿದ್ದು, ಹೆಣಿಗೆ ಕಲಿತು ಊರಿಗೆ ಮರಳಿದವರು. ಅಷ್ಟು ಕೊಳಕು ಹೆಂಗಸನ್ನು ನಾನು ಮತ್ತೆ ಕಂಡಿಲ್ಲ. ಮೂಗಿನಿಂದ ಕಂದು ನೀರು ಇಳಿಯುತ್ತಿತ್ತು. ಒರೆಸಿದ ಬೆರಳಲ್ಲೇ ನೂಲು ಹಿಡಿಯುತ್ತಿದ್ದರು. ಆ ನೂಲೋ, ಕುರಿಯ ಜಿಡ್ಡು ಬಿಡದ್ದು... ಥೂ!

ಅಕ್ಕ ಬಾಣಂತನಕ್ಕೆ ಬಂದಿದ್ದಳು. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸು ಮಾಗಿಯ ಚಳಿಗೆ ನೀಲಿಗಟ್ಟುತ್ತಿತ್ತು. ತಲೆಗೆ ಉಣ್ಣೆಯ ಕುಲಾವಿಯೇ ಬೇಕು. ಆದರೆ ತೊಟ್ಟಿಲಿಗೆ ಹಾಕುವ ಕೂಸಿನ ಬಟ್ಟೆಯನ್ನು ವಿಧವೆ ಮುಟ್ಟುವಂತಿರಲಿಲ್ಲ. ದೊಡ್ಡಮ್ಮ ತಮ್ಮ ಹೊಲಸು ನೂಲಿನಲ್ಲಿ ತೋರಿಸುವುದು, ನಾನು ಒಳ್ಳೆಯ ನೂಲಿನಲ್ಲಿ ಹೆಣೆಯುವುದು ಎಂದಾಯಿತು.

ಕಷ್ಟವೆಲ್ಲ ನೆತ್ತಿಯ ಅರ್ಧಸಾಲುಗಳದು. ಸಾಲು ಕೊನೆ ಮುಟ್ಟುವ ಮೊದಲೇ ತಿರುಗಬೇಕು, ಮುಂದಿನದರಲ್ಲಿ ಇನ್ನೂ ಮೊದಲೇ. ಹಾಗೆ ತಿರುಗಿದರೆ ನಡುಭಾಗ ಉಬ್ಬಿ ಬಟ್ಟಲಾಗುತ್ತದೆ. ತಿರುಗುವಾಗ ಪಕ್ಕದ ಕುಣಿಕೆಯ ಕೊರಳಿಗೆ ನೂಲು ಸುತ್ತದಿದ್ದರೆ ಅಲ್ಲೊಂದು ತೂತು.

“ಎಲ್ಲಾರೂ ಕೊನೇಗಂಟ ಹೋಗ್ತಾರೆ ಕಣೇ. ನೀ ನಡುದಾರೀಲೇ ಹಿಂದಕ್ಕೆ ಬಾ” ಎನ್ನುತ್ತ, ದೊಡ್ಡಮ್ಮ ತಮ್ಮ ಹೆಣಿಗೆಯಲ್ಲಿ ತಿರುಗಿದ ಜಾಗಕ್ಕೆ ಗುರುತೆಂದು ನಶ್ಯದ ಬೆರಳನ್ನು ಒತ್ತುತ್ತಿದ್ದರು. ನಾನು ಮೂಗು ಮುಚ್ಚಿಕೊಳ್ಳುತ್ತಿದ್ದೆ.

“ಮೂಗು ಮುಚ್ಕಂಡು ಹೆಣಿಯಾಕೆ ನಿಂಗೆ ಮೂರನೇ ಕೈ ಐತೇನೇ?” ಎಂದು ನಗುತ್ತಿದ್ದರು.

ಕೊನೆಯ ತಿರುವಿನಲ್ಲಿ ತೂತು ಬಿತ್ತು. ಬಿಚ್ಚಿ ಹೆಣೆದೆ. ಮತ್ತೆ ತೂತು. ದೊಡ್ಡಮ್ಮ ತಡೆಯಲಾರದೆ ಕಸಿದುಕೊಂಡರು. “ಕೊಡೇ ಇಲ್ಲಿ! ಮಿಡಿಯೋ ನೆತ್ತಿ ಮ್ಯಾಲೇ ಗಾಳಿ ಹೊಡೀತದೆ.” ಗಳಿಗೆಯಲ್ಲಿ ತೂತು ಮುಚ್ಚಿತು. ಆದರೆ ಅಭ್ಯಾಸಬಲದಿಂದ ಒತ್ತಿದ ಕಂದು ಗುರುತು ತೊಳೆದರೂ ಹೋಗಲಿಲ್ಲ.

ತೊಟ್ಟಿಲಿನ ದಿನ ಕಡೂರಿನಿಂದ ರೈಲಿನಲ್ಲಿ ಬಂದ ಅಕ್ಕನ ಅತ್ತೆ, ಕೂಸಿನ ಕುಲಾವಿಯ ಕಲೆ ನೋಡಿ ಬಗ್ಗಿ ಮೂಸಿದರು. ಎದುರು ಜಗುಲಿಯಲ್ಲಿ ದೊಡ್ಡಮ್ಮ ನಶ್ಯ ಏರಿಸುವುದನ್ನು ಬರುವಾಗಲೇ ಕಂಡಿದ್ದರು. “ನಶ್ಯ! ಎದುರುಮನೆ ಮುಂಡೆ ಕೈ ಇಟ್ಟವ್ಳೆ!” ಎಂದವರೇ ಕಿತ್ತು ಬಚ್ಚಲೊಲೆಗೆ ಎಸೆದರು. ಉಣ್ಣೆ ಸುಟ್ಟ ನಾತ ಮನೆ ತುಂಬಿತು. ಬರಿತಲೆಯ ಕೂಸು ಚಳಿಗೆ ಕಿರುಚುತ್ತಿದ್ದರೆ, ಆಕೆ ನೆಮ್ಮದಿಯಾಗಿ ಕೈ ತೊಳೆದುಕೊಳ್ಳುತ್ತಿದ್ದರು. ದೊಡ್ಡಮ್ಮನ ಮೂಗಿಗಿಂತ ಹೇಸಿಗೆಯದ್ದೊಂದು ಇದೆಯೆಂದು ತಿಳಿದದ್ದು ಅಂದೇ.

ಸಂಜೆ ದೊಡ್ಡಮ್ಮ ತಮ್ಮ ಜಗುಲಿಯಿಂದಲೇ ಕೇಳಿದರು. “ಕೂಸಿಗೆ ಸರಿಯಾಗಿ ಕೂತ್ಕಂತೇನೇ?”

“ಕೂತ್ಕಂತು ದೊಡ್ಡಮ್ಮ. ಒಂದಿಷ್ಟೂ ಗಾಳಿ ಹೋಗಂಗಿಲ್ಲ” ಎಂದೆ.

ಆ ರಾತ್ರಿ ಕೂತ ಜಾಗದಿಂದ ಏಳದೆ ಇನ್ನೊಂದು ಕುಲಾವಿ ಹೆಣೆದೆ. ತಿರುವಿನಲ್ಲಿ ತೂತು ಬೀಳಲಿಲ್ಲ. ಕೂಸು ಉಳಿಯಿತು, ಈಗ ಮೊಮ್ಮಕ್ಕಳನ್ನು ಕಂಡಿದೆ. ಮುಂದಿನ ಚಳಿಗೆ ಕೈಗವಸಿನಲ್ಲಿ ಹೆಬ್ಬೆರಳಿನ ಭಾಗವನ್ನು ಬೇರೆಯಾಗಿ ಹೆಣೆಯುವುದನ್ನು ಕಲಿಸುತ್ತೇನೆ ಎಂದಿದ್ದರು ದೊಡ್ಡಮ್ಮ. ಆ ಚಳಿಗೆ ಅವರೇ ಇರಲಿಲ್ಲ... ಬೇರೆ ಯಾರನ್ನೂ ಕೇಳಲು ನನಗೆ ಮನಸ್ಸಾಗಲಿಲ್ಲ. ನಾನು ಹೆಣೆಯುವ ಕೈಗವಸುಗಳಿಗೆ ಇಂದಿಗೂ ಹೆಬ್ಬೆರಳಿಲ್ಲ.