ರಾಣಿಯ ಮಗಳನ್ನು ಬಿಟ್ಟು ಹೇಳಿದ ಪಾಠ

ಗೆಳತಿ ಅಂಬುಜಾ ಮಂಗಳೂರಿನ ಪ್ರೊಟೆಸ್ಟೆಂಟ್ ಮನೆತನದವಳು, ನೈರೋಬಿಯಲ್ಲಿ ಬಹುಕಾಲದಿಂದ ಟೀಚರ್. ಭಾನುವಾರ ಹರ್ಲಿಂಗ್‌ಹ್ಯಾಮ್ ಹತ್ತಿರದ ಆಂಗ್ಲಿಕನ್ ಚರ್ಚಿನಲ್ಲಿ, ಕನ್ಫರ್ಮೇಶನ್ನಿಗೆ, ಅಂದರೆ ಚರ್ಚಿನ ಪೂರ್ಣ ಸದಸ್ಯರಾಗುವ ವಿಧಿಗೆ, ಸಿದ್ಧವಾಗುವ ಮಕ್ಕಳಿಗೆ ಪಾಠ ಮಾಡುತ್ತಾಳೆ. ಅವಳ ಕಾರು ಕೆಟ್ಟಿದ್ದರಿಂದ ನಾನೇ ಕರೆದೊಯ್ದು ಹಿಂದಿನ ಬೆಂಚಿನಲ್ಲಿ ಕುಳಿತೆ. ನನಗೆ ಚರ್ಚಿನ ಗಂಧಗಾಳಿಯಿಲ್ಲ, ಆದರೆ ರಾಜರ ಕಥೆ ಬಿಟ್ಟು ಎದ್ದುಹೋಗುವವಳೂ ಅಲ್ಲ.

ಅಂದು ಆಂಗ್ಲಿಕನ್ ಚರ್ಚು ಹುಟ್ಟಿದ ಕಥೆ. ಎಂಟನೆಯ ಹೆನ್ರಿಗೆ ಗಂಡುಮಗು ಬೇಕಿತ್ತು, ಇನ್ನೊಬ್ಬಳ ಮೇಲೆ ಮನಸ್ಸೂ ಇತ್ತು. ರಾಣಿ ಕ್ಯಾಥರೀನಳೊಂದಿಗಿನ ಮದುವೆ ಮದುವೆಯೇ ಅಲ್ಲವೆಂದು ಸಾರಲು ಪೋಪರನ್ನು ಕೇಳಿದ. ಅವರು ಒಪ್ಪಲಿಲ್ಲ. ರಾಜ ಇಂಗ್ಲೆಂಡಿನ ಚರ್ಚಿಗೆ ತಾನೇ ಯಜಮಾನನಾದ. ಪ್ರತಿ ವರ್ಷ ಇಲ್ಲಿ ರಾಣಿಯ ಮಗಳ ಮಾತು ಬರುತ್ತಿತ್ತಂತೆ. ಈ ಸಲ ಅಂಬುಜಾ ಅದನ್ನು ನುಂಗಿಕೊಂಡು ಮುಂದಕ್ಕೆ ಹೋದಳು.

ಕಾರಣ ಆ ಕ್ಲಾಸಿನಲ್ಲೇ ಕೂತಿತ್ತು: ಅವಳ ಮಗಳು ಮಧುರಾ. ಕ್ಯಾಥೊಲಿಕ್ ಗಂಡ ಡೆಂಜಿಲ್ ಬೇರೊಬ್ಬಳನ್ನು ಚರ್ಚಿನಲ್ಲೇ ಮದುವೆಯಾಗಲು ಹೊರಟು, ಅಂಬುಜಾಳೊಂದಿಗಿನ ಮದುವೆ ಮೊದಲಿಂದಲೂ ಅಸಿಂಧುವೆಂದು ತನ್ನ ಚರ್ಚಿನಿಂದ ತೀರ್ಪು ತಂದಿದ್ದ. ಮಹಾರಾಯ, ಅಷ್ಟು ವರ್ಷದ ಸಂಸಾರ ಇರಲೇ ಇಲ್ಲವಂತೆ! ಮಕ್ಕಳ ಹಕ್ಕಿಗೆ ಇದರಿಂದ ಚ್ಯುತಿಯಿಲ್ಲವೆಂದು ಪಾದ್ರಿ ಬಿಡಿಸಿ ಹೇಳಿದರೂ ಹುಡುಗಿಯ ಮನಸ್ಸಿಗೆ ಅದು ಇಳಿಯಲಿಲ್ಲ. ಚರ್ಚಿನ ವಿಚಾರಣೆಯಲ್ಲಿ ಅಮ್ಮನೂ ತೆಪ್ಪಗೆ ಒಪ್ಪಿಬಂದಳೆಂದೇ ತಿಳಿದು ಮಾತು ಬಿಟ್ಟಿದ್ದಳು. ಮಗಳು ಕೈತಪ್ಪಿ ಹೋಗುತ್ತಾಳೆಂದು ಅಂಬುಜಾಗೆ ಹೆದರಿಕೆ.

ಮಧುರಾ ಕೈ ಎತ್ತಿದಳು. ಅವರಿಗೊಬ್ಬಳು ಮಗಳಿದ್ದಳಲ್ಲ, ಅವಳನ್ನೇನು ಮಾಡಿದರು ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಅಂಬುಜಾ ಹೇಳಿದಳು: ಆ ಮಗಳು ಮೇರಿಯ ರಾಜಕುಮಾರಿ ಪದವಿ ಕಿತ್ತುಕೊಂಡರು, ಅಕ್ರಮ ಸಂತಾನವೆಂದರು, ತಾಯಿಯನ್ನು ನೋಡಲೂ ಬಿಡಲಿಲ್ಲ. ಆ ಮದುವೆ ಸುಳ್ಳೆಂದು ಒಪ್ಪಿದ್ದರೆ ರಾಣಿ ಆರಾಮವಾಗಿ ಇರಬಹುದಿತ್ತು, ಸಾಯುವ ತನಕ ಒಪ್ಪಲಿಲ್ಲ.

ಯಾಕೆ ಒಪ್ಪಲಿಲ್ಲ ಎಂದಳು ಮಧುರಾ.

ಅಂಬುಜಾ ಕನ್ನಡಕ್ಕೆ ತಿರುಗಿದಳು. ಉಳಿದ ಮಕ್ಕಳು ಮುಖ ಮುಖ ನೋಡಿಕೊಂಡರು.

“ಒಪ್ಪಿದ್ರೆ ಮಗಳನ್ನ ಮಗಳೇ ಅಲ್ಲ ಅಂದ ಹಾಗೆ ಆಗ್ತಿತ್ತು ಮಗಾ. ನಾನೂ ಒಪ್ಪಲಿಲ್ಲ. ಇದು ಮದುವೆಯೇ, ನನ್ನ ಮಗಳು ಈ ಮದುವೆಯಲ್ಲೇ ಹುಟ್ಟಿದ್ದು ಅಂತ ಅವರೆಲ್ಲರ ಎದುರು ಹೇಳಿದೆ. ಸೋತುಬಂದೆ. ಅದನ್ನ ನಿನಗೆ ಹೇಗೆ ಹೇಳುವುದು?”

ನನಗೆ ಕಣ್ಣು ತುಂಬಿಬಂತು. ಮಧುರಾ ತಾಯಿಯನ್ನೇ ನೋಡುತ್ತಿದ್ದಳು. ಆಮೇಲೆ ಇಂಗ್ಲಿಷಿನಲ್ಲಿ, ಮೆಲ್ಲಗೆ, ಈಗ ಇವರೆಲ್ಲರಿಗೂ ತಿಳಿಯುವ ಹಾಗೆ ಹೇಳು ಎಂದಳು.

ಅಂಬುಜಾ ಹೇಳಿದಳು.